ಬಾಡಿಗೆ ಓದಿನ ಲೆಕ್ಕ

2021ರ ಮೇ ತಿಂಗಳಲ್ಲಿ ಫೋನ್ ರಿಂಗಾದರೆ ಎತ್ತುವುದಕ್ಕೇ ಭಯವಾಗುತ್ತಿತ್ತು. ಎರಡನೇ ಅಲೆಯ ದಿನಗಳು. ಪಕ್ಕದ ಬೀದಿಯವರು, ಹಳೆಯ ಸಹೋದ್ಯೋಗಿ, ಅಪ್ಪನ ಗೆಳೆಯರು, ಹೀಗೆ ದಿನಕ್ಕೊಂದು ಹೆಸರು ಕಿವಿಗೆ ಬೀಳುತ್ತಿತ್ತು. ಆ ತಿಂಗಳ 20ರಂದು ಟೋಕಿಯೋದ ಪ್ರಕಾಶನ ಸಂಸ್ಥೆಯೊಂದು ಚಿಕ್ಕ ಪ್ರಕಟಣೆ ಹೊರಡಿಸಿತು. ‘ಬರ್ಸರ್ಕ್’ ಎಂಬ ಮಾಂಗಾ ಬರೆಯುತ್ತಿದ್ದ ಕೆಂತಾರೊ ಮಿಯುರಾ ಮೇ 6ರಂದೇ ತೀರಿಕೊಂಡಿದ್ದರು. ಹೃದಯದಿಂದ ಹೊರಡುವ ಮಹಾಪಧಮನಿ ಸೀಳಿ ಬಂದ ಸಾವು. ವಯಸ್ಸು 54. ಅಷ್ಟೆಲ್ಲ ಸಾವುಗಳ ನಡುವೆ, ಮುಖವನ್ನೂ ಸರಿಯಾಗಿ ನೋಡಿರದ ಈ ಮನುಷ್ಯನಿಗಾಗಿ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಹೆಂಡತಿ ಗಾಬರಿಯಾಗಿ “ಯಾರು ಹೋದ್ರು?” ಎಂದಳು. ಏನು ಹೇಳಬೇಕೋ ತಿಳಿಯಲಿಲ್ಲ.

ಆ ರಾತ್ರಿ ನಿದ್ದೆ ಬಾರದೆ ಒಂದು ಲೆಕ್ಕ ಹಾಕಿದೆ. ‘ಬರ್ಸರ್ಕ್’ ಶುರುವಾದದ್ದು 1989ರಲ್ಲಿ. ಮಿಯುರಾ ಸಾಯುವ ಹೊತ್ತಿಗೆ 40 ಸಂಪುಟಗಳು ಬಂದಿದ್ದವು, ಅಧ್ಯಾಯಗಳು ಮುನ್ನೂರೈವತ್ತು ದಾಟಿದ್ದವು. ಅಷ್ಟನ್ನೂ ನಾನು ಓದಿದ್ದೆ, ಕೆಲವನ್ನು ಮೂರು ಮೂರು ಸಲ. ಒಂದು ಪುಟದಲ್ಲಿ ಕುದುರೆಸೈನ್ಯ ಬರುತ್ತದೆಂದರೆ ಪ್ರತಿ ಸವಾರನ ಕವಚದ ಪ್ರತಿ ಕೊಂಡಿಗೂ ನೆರಳು ಹಾಕುವ ಕೈ ಅದು. ಮುಂದಿನ ಅಧ್ಯಾಯ ತಡವಾದಾಗಲೆಲ್ಲ ನಾನೂ ಗೊಣಗಿದ್ದೇನೆ. ಕಥೆಯ ನಾಯಕ ಗಟ್ಸ್ ಮತ್ತವನ ಗುಂಪು ಹಡಗು ಹತ್ತಿದ ಮೇಲೆ ವರ್ಷಗಟ್ಟಲೆ ಹಡಗಿನಲ್ಲೇ ಉಳಿದದ್ದು ಓದುಗರ ನಡುವೆ ದೊಡ್ಡ ಜೋಕಾಗಿತ್ತು. ಆ ಜೋಕನ್ನು ನಾನೂ ಹತ್ತು ಜನರಿಗೆ ಹೇಳಿ ನಗಿಸಿದ್ದೆ. ಇದಕ್ಕೆಲ್ಲ ನಾನು ಕೊಟ್ಟ ಹಣ ಎಷ್ಟು? ಒಂದು ರೂಪಾಯಿಯೂ ಇಲ್ಲ. ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ, ಯಾರೋ ಸ್ಕ್ಯಾನ್ ಮಾಡಿ, ಯಾರೋ ಇಂಗ್ಲಿಷಿಗೆ ತಂದು, ಇನ್ನಾರೋ ತಮ್ಮ ಜಾಹೀರಾತಿನ ತಾಣಕ್ಕೆ ಎತ್ತಿ ಹಾಕಿಕೊಂಡಿದ್ದರಲ್ಲಿ ಓದಿದ್ದೆ.

ಇದನ್ನು ತಪ್ಪೊಪ್ಪಿಗೆ ಅಂತ ಬರೆಯುತ್ತಿಲ್ಲ. ಆಮೇಲಿನ ಎರಡು ಮೂರು ವರ್ಷ ಈ ಲೆಕ್ಕ ನನ್ನನ್ನು ಬಿಡದೆ ಕಾಡಿತು. ಅದರ ಬಾಲ ಹಿಡಿದು ಹೊರಟವನಿಗೆ ಸಿಕ್ಕಿದ್ದು ನಾನು ಎಣಿಸಿದ್ದಕ್ಕಿಂತ ಹಳೆಯ ಕಥೆ. ಪೂರ್ವ ಏಷ್ಯಾದ ಚಿತ್ರಕಥೆಗಳನ್ನು ಜನ ಕೊಂಡು ಓದಿದ್ದಕ್ಕಿಂತ ಬಾಡಿಗೆಗೆ ತಂದು, ನಿಂತಲ್ಲೇ ಓದಿ, ಕೈ ಬದಲಾಯಿಸಿ ಓದಿದ ಕಾಲವೇ ಬಹುಶಃ ಹೆಚ್ಚು.

ನನ್ನ ಬಾಲ್ಯದಿಂದಲೇ ಶುರುಮಾಡುತ್ತೇನೆ. ನಮ್ಮೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಹತ್ತಡಿ ಅಗಲದ ಅಂಗಡಿ. ಒಂದು ಕಡೆ ಕಾದಂಬರಿಗಳು, ಇನ್ನೊಂದು ಕಡೆ ದಾರಕ್ಕೆ ನೇತುಹಾಕಿದ ಇಂದ್ರಜಾಲ ಕಾಮಿಕ್ಸ್ ಮತ್ತು ಅಮರ ಚಿತ್ರ ಕಥೆ. ಪ್ರತಿ ಪುಸ್ತಕಕ್ಕೂ ಖಾಕಿ ಬೈಂಡು, ಮಧ್ಯೆ ಎರಡು ದಪ್ಪ ಸ್ಟೇಪ್ಲರ್ ಪಿನ್ನು. ದಿನಕ್ಕೆ ಇಪ್ಪತ್ತೈದು ಪೈಸೆ. ಅಂಗಡಿಯ ಮಾಲೀಕರು ಕನ್ನಡಕದ ಮೇಲಿಂದ ನೋಡಿ ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಳ್ಳುವರು. ಎರಡನೇ ಕ್ಲಾಸಿನವರೆಗೂ ನಾನು ಆ ಪುಸ್ತಕಗಳನ್ನೆಲ್ಲ ಅವರೇ ಬರೆದದ್ದು ಎಂದು ನಂಬಿದ್ದೆ. ದುಡ್ಡು ಅವರಿಗೇ ಕೊಡುತ್ತೇವಲ್ಲ, ಮತ್ತೆ ಇನ್ಯಾರು? ಅಮರ ಚಿತ್ರ ಕಥೆಯ ಹಿಂದಿದ್ದ ಅನಂತ ಪೈ ನಮ್ಮ ಕಾರ್ಕಳದವರು ಎಂದು ತಿಳಿದದ್ದು ಬಹಳ ತಡವಾಗಿ. ಆ ಚಿತ್ರಗಳನ್ನು ಬರೆದ ಕೈಗಳ ಹೆಸರು ತಿಳಿದದ್ದು ಇನ್ನೂ ತಡವಾಗಿ.

ಯುದ್ಧ ಮುಗಿದ ಜಪಾನಿನಲ್ಲಿ ಇಂಥ ಅಂಗಡಿಗಳು ಬೀದಿಗೊಂದರಂತೆ ಇದ್ದವು. ಅವುಗಳನ್ನು ‘ಕಾಶಿಹೋನ್‌ಯಾ’ ಎನ್ನುತ್ತಿದ್ದರು, ಅಂದರೆ ಬಾಡಿಗೆ ಪುಸ್ತಕದ ಅಂಗಡಿ. 1945ರ ನಂತರ ಕಾಗದಕ್ಕೂ ಬರ, ಜನರ ಕೈಯಲ್ಲಿ ಕಾಸಿಗೂ ಬರ. ಒಸಾಕಾದ ಸಣ್ಣ ಪ್ರಕಾಶಕರು ಒರಟು ಕಾಗದದ ಮೇಲೆ ಕೆಂಪು ಎದ್ದು ಕಾಣುವ ಮುಖಪುಟ ಹಾಕಿ ಅಗ್ಗದ ಪುಸ್ತಕ ಮಾಡುತ್ತಿದ್ದರು. ಅವಕ್ಕೆ ‘ಕೆಂಪು ಪುಸ್ತಕ’ ಎಂದೇ ಹೆಸರು. ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಒಸಾಮು ತೆಜುಕಾ 1947ರಲ್ಲಿ ಶಿಚಿಮಾ ಸಕಾಯಿ ಅವರ ಕಥೆಗೆ ಚಿತ್ರ ಬರೆದ ‘ಹೊಸ ನಿಧಿದ್ವೀಪ’ ಬಂದದ್ದು ಈ ಸಂತೆಯಿಂದಲೇ. ಅದು ನಾಲ್ಕು ಲಕ್ಷ ಪ್ರತಿ ಹೋಯಿತು ಎನ್ನುತ್ತಾರೆ. ಆದರೆ ಕೆಂಪು ಪುಸ್ತಕ ಕೊಳ್ಳುವುದಕ್ಕೂ ಆಗದವರು ಬಹಳ ಮಂದಿ ಇದ್ದರು. ಅವರಿಗಾಗಿ ಹುಟ್ಟಿಕೊಂಡದ್ದು, ಬಾಡಿಗೆ ಅಂಗಡಿಗೆಂದೇ ಅಚ್ಚಾಗುವ ಗಟ್ಟಿ ರಟ್ಟಿನ ಮಾಂಗಾ. 1950ರ ದಶಕದ ನಡುವಿಗೆ ದೇಶದಲ್ಲಿ ಇಂಥ ಅಂಗಡಿಗಳು ಸುಮಾರು 30,000 ಇದ್ದವೆಂಬ ಅಂದಾಜಿದೆ. ಮಿಠಾಯಿ ಅಂಗಡಿಯವರೂ ಒಂದು ಕಪಾಟು ಇಟ್ಟುಕೊಂಡಿರುತ್ತಿದ್ದರಂತೆ. ಹಳ್ಳಿಯ ಶಾಲೆ ಮುಗಿಸಿದ ಕೂಡಲೇ ರೈಲಿನಲ್ಲಿ ಗುಂಪು ಗುಂಪಾಗಿ ಪಟ್ಟಣದ ಕಾರ್ಖಾನೆಗಳಿಗೆ ಬಂದಿಳಿದ ಹದಿಹರೆಯದ ಕೂಲಿಗಳು ಇಲ್ಲಿನ ದೊಡ್ಡ ಗಿರಾಕಿಗಳು. ದಿನದ ಪಾಳಿ ಮುಗಿಸಿ, ಹತ್ತು ಯೆನ್ ಕೊಟ್ಟು, ಹಾಸಿಗೆಯ ಮೇಲೆ ಬಿದ್ದುಕೊಂಡು ಓದುವುದು.

ಈ ಓದುಗರಿಗೆ ಮುದ್ದು ಮುದ್ದಾದ ಮಕ್ಕಳ ಕಥೆ ರುಚಿಸಲಿಲ್ಲ. ಅದನ್ನು ಬೇಗ ಗ್ರಹಿಸಿದವರು ಒಸಾಕಾದ ಬಾಡಿಗೆ ಪ್ರಕಾಶಕರ ಬಳಿ ಕೆಲಸ ಮಾಡುತ್ತಿದ್ದ ಹುಡುಗರು. ಅವರಲ್ಲಿ ಒಬ್ಬ ಯೋಶಿಹಿರೊ ತತ್ಸುಮಿ. 1957ರಲ್ಲಿ ಆತ ತನ್ನ ಕೃತಿಗೆ ಮಾಂಗಾ ಎನ್ನುವ ಬದಲು ‘ಗೆಕಿಗಾ’ ಎಂದು ಹೆಸರಿಟ್ಟ, ನಾಟಕೀಯ ಚಿತ್ರಗಳು ಎಂದು ಅದರರ್ಥ. ಮಳೆಯಲ್ಲಿ ನೆನೆದ ಓಣಿ, ಸೋತ ಗಂಡಸರು, ಕೊಲೆ, ಹಸಿವು. 1959ರಲ್ಲಿ ಸಂಗಡಿಗರನ್ನು ಕೂಡಿಸಿಕೊಂಡು ಗೆಕಿಗಾ ಬಳಗವನ್ನೇ ಕಟ್ಟಿದ. ಅದೇ ವರ್ಷ ಸಾನ್ಪೆಯಿ ಶಿರಾತೊ ರೈತ ದಂಗೆಗಳ ಮೇಲೆ ಬರೆಯತೊಡಗಿದ ದೀರ್ಘ ನಿಂಜಾ ಕಥನವೂ ಬಾಡಿಗೆ ಅಂಗಡಿಗಳಿಗೆಂದೇ ಬಂದದ್ದು. ಅದನ್ನು ಕಾರ್ಖಾನೆಯ ಹುಡುಗರೂ ಓದಿದರು, ವಿಶ್ವವಿದ್ಯಾಲಯದ ಎಡಪಂಥೀಯ ವಿದ್ಯಾರ್ಥಿಗಳೂ ಓದಿದರು. ಇವತ್ತು ನಾವು ‘ಗಂಭೀರ ಗ್ರಾಫಿಕ್ ಕಾದಂಬರಿ’ ಎಂದು ಹುಬ್ಬೇರಿಸುವುದರ ಒಂದು ಮುಖ್ಯ ಬೇರು ಇರುವುದು ಈ ಎಣ್ಣೆಗೈಯ ಗುರುತು ಬಿದ್ದ ಬಾಡಿಗೆ ಪುಸ್ತಕಗಳಲ್ಲಿ.

ಬರೆದವರ ಬದುಕು ಹೇಗಿತ್ತು? ಇಲ್ಲಿ ಶಿಗೆರು ಮಿಜುಕಿಯವರ ಕಥೆ ಹೇಳದೆ ಮುಂದೆ ಹೋಗಲಾರೆ. ಯುದ್ಧದಲ್ಲಿ ಅವರನ್ನು ನ್ಯೂ ಬ್ರಿಟನ್ ದ್ವೀಪದ ರಬೌಲ್‌ಗೆ ಕಳಿಸಿದ್ದರು. ಅಲ್ಲಿ ಬಾಂಬ್ ದಾಳಿಯಲ್ಲಿ ಎಡಗೈ ಹೋಯಿತು. ಉಳಿದ ಬಲಗೈಯಲ್ಲಿ ಊರಿಗೆ ಮರಳಿ, ಬೀದಿಯಲ್ಲಿ ಚಿತ್ರದ ಹಲಗೆಗಳನ್ನು ತೋರಿಸುತ್ತ ಕಥೆ ಹೇಳುವ ‘ಕಾಮಿಶಿಬಾಯಿ’ಯವರಿಗೆ ಚಿತ್ರ ಬರೆದುಕೊಟ್ಟರು. ಟೀವಿ ಬಂದು ಆ ಕಸುಬು ಸೊರಗಿತು. 1950ರ ದಶಕದ ಕೊನೆಯಲ್ಲಿ ಟೋಕಿಯೋಗೆ ಬಂದು ಬಾಡಿಗೆ ಮಾಂಗಾ ಬರೆಯತೊಡಗಿದರು. 1960ರಲ್ಲಿ ಶುರುವಾದ ಸ್ಮಶಾನದ ಹುಡುಗ ಕಿತಾರೊನ ಕಥೆ ಈಗ ಜಪಾನಿನ ಮನೆಮಾತು. ಆದರೆ ಅದನ್ನು ಬರೆಯುತ್ತಿದ್ದ ವರ್ಷಗಳಲ್ಲಿ ಮನೆಯಲ್ಲಿ ಅಕ್ಕಿಗೂ ತತ್ವಾರ. ಯಾಕೆಂದರೆ ಬಾಡಿಗೆ ಪುಸ್ತಕದ ವ್ಯವಹಾರ ಹೀಗಿತ್ತು: ಕೆಲವೇ ಸಾವಿರ ಪ್ರತಿ ಅಚ್ಚು, ಬರೆದವನಿಗೆ ಸಾಮಾನ್ಯವಾಗಿ ಒಂದೇ ಸಲ ಒಂದಿಷ್ಟು ಹಣ, ಅದೂ ಪ್ರಕಾಶಕ ದಿವಾಳಿಯಾಗದಿದ್ದರೆ. ಆಮೇಲೆ ಆ ಪ್ರತಿಯನ್ನು ಐವತ್ತು ಜನ ಓದಲಿ, ನೂರು ಜನ ಓದಲಿ, ಬಾಡಿಗೆಯೆಲ್ಲ ಅಂಗಡಿಯವನ ಗಲ್ಲಾಪೆಟ್ಟಿಗೆಗೆ. ನಮ್ಮೂರಿನ ಕನ್ನಡಕದ ಮಾಲೀಕರ ನೆನಪಾಗದೆ ಇರಲಿಲ್ಲ. ಮಿಜುಕಿಯವರ ಹೆಂಡತಿ ಮುಂದೆ ಆ ಬಡತನದ ದಿನಗಳ ಬಗ್ಗೆ ಬರೆದ ಆತ್ಮಕಥನ 2010ರಲ್ಲಿ ಟೀವಿ ಧಾರಾವಾಹಿಯಾಗಿ ಇಡೀ ಜಪಾನ್ ನೋಡಿತು. ಮಿಜುಕಿ 93 ವರ್ಷ ಬದುಕಿ 2015ರಲ್ಲಿ ತೀರಿಕೊಂಡರು. ನನ್ನ ಗಟ್ಸ್‌ಗೂ ಎಡಗೈ ಇಲ್ಲ ಎಂಬುದು ಬರೀ ಕಾಕತಾಳೀಯ, ಆದರೂ ಮಿಜುಕಿಯವರ ಫೋಟೋ ಮೊದಲ ಸಲ ನೋಡಿದಾಗ ನನಗೆ ಹೊಳೆದದ್ದು ಅದೇ.

1959ರ ಮಾರ್ಚಿನಲ್ಲಿ ಎರಡು ದೊಡ್ಡ ಪ್ರಕಾಶನಗಳು ಪೈಪೋಟಿಯಲ್ಲಿ ಹುಡುಗರ ವಾರಪತ್ರಿಕೆ ಹೊರತಂದವು. ಜನರ ಕೈಗೆ ದುಡ್ಡು ಬಂದಿತ್ತು. ಮುಂದಿನ ಹತ್ತು ವರ್ಷಗಳಲ್ಲಿ ಬಾಡಿಗೆ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಲ್ಲಿ ಪಳಗಿದವರಿಗೆ ಒಂದು ನೆಲೆಯಾಗಲೆಂದು, ಬಾಡಿಗೆ ಮಾಂಗಾ ಪ್ರಕಾಶಕರೇ ಆಗಿದ್ದ ಕತ್ಸುಇಚಿ ನಗಾಯಿ 1964ರಲ್ಲಿ ‘ಗಾರೊ’ ಎಂಬ ಮಾಸಿಕ ಆರಂಭಿಸಿದರು. ಕಲೆಯ ದೃಷ್ಟಿಯಿಂದ ಅದಕ್ಕೆ ಸಾಟಿಯಿಲ್ಲ ಎನ್ನುವವರಲ್ಲಿ ನಾನೂ ಒಬ್ಬ. ಆದರೆ 1970ರ ದಶಕಕ್ಕೆ ಬರುವಷ್ಟರಲ್ಲಿ ‘ಗಾರೊ’ ತನ್ನ ಕಲಾವಿದರಿಗೆ ಸಂಭಾವನೆ ಕೊಡುವುದನ್ನೇ ನಿಲ್ಲಿಸಿತ್ತು. ಆದರೂ ಬರೆಯುವವರು ಬರೆಯುತ್ತಲೇ ಇದ್ದರು. ಕನ್ನಡದ ಸಣ್ಣಪತ್ರಿಕೆಗಳಿಗೆ ಬರೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಕಾನೂನು ಈ ಕಡೆ ತಿರುಗಿದ್ದು ಬಹಳ ನಿಧಾನವಾಗಿ. ಹಾಡಿನ ರೆಕಾರ್ಡುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳು ಹೆಚ್ಚಿದಾಗ, 1984ರಲ್ಲಿ ಜಪಾನಿನ ಕೃತಿಸ್ವಾಮ್ಯ ಕಾಯಿದೆಗೆ ಬಾಡಿಗೆಯ ಹಕ್ಕು ಸೇರಿತು. ಅಂದರೆ ನಿಮ್ಮ ಕೃತಿಯನ್ನು ಯಾರಾದರೂ ಬಾಡಿಗೆಗೆ ಬಿಟ್ಟರೆ ನಿಮ್ಮ ಒಪ್ಪಿಗೆ ಬೇಕು, ಪಾಲು ಕೊಡಬೇಕು. ಪುಸ್ತಕ ಮತ್ತು ಪತ್ರಿಕೆಗಳಿಗೆ ಮಾತ್ರ ಸದ್ಯಕ್ಕೆ ವಿನಾಯಿತಿ ಎಂದರು. ಹಳೆಯ ಬಾಡಿಗೆ ಅಂಗಡಿಗಳ ಮೇಲಿನ ಕನಿಕರ. ಆ ‘ಸದ್ಯಕ್ಕೆ’ ಇಪ್ಪತ್ತು ವರ್ಷ ನಡೆಯಿತು. ದೊಡ್ಡ ಸರಣಿ ಅಂಗಡಿಗಳೇ ಮಾಂಗಾ ಬಾಡಿಗೆಗೆ ಇಳಿಯುವ ಸೂಚನೆ ಕಂಡ ಮೇಲೆ 2004ರಲ್ಲಿ ವಿನಾಯಿತಿ ತೆಗೆದರು, 2005ರ ಜನವರಿಯಿಂದ ಜಾರಿಯಾಯಿತು. ಮಿಜುಕಿ ಅಕ್ಕಿಗೆ ಪರದಾಡಿದ ಕಾಲಕ್ಕೂ ಇದಕ್ಕೂ ನಡುವೆ ಹತ್ತಿರ ಹತ್ತಿರ ಅರ್ಧ ಶತಮಾನ.

ಮಾಂಗಾ, ಕೊರಿಯಾದ ಮಾನ್ಹ್ವಾ, ಚೀನಾದ ಮಾನ್ಹುವಾ, ಮೂರೂ ಒಂದೇ ಜೋಡಿ ಚೀನೀ ಅಕ್ಷರಗಳ ಮೂರು ಉಚ್ಚಾರಣೆ. ಬಾಡಿಗೆಯ ಕಥೆಯೂ ಮೂರು ಕಡೆ ಇದೆ. 1920ರ ದಶಕದ ಶಾಂಘೈನಲ್ಲಿ ಅಂಗೈಯಗಲದ ‘ಲಿಯಾನ್‌ಹುವಾನ್‌ಹುವಾ’ ಪುಸ್ತಕಗಳು ಹುಟ್ಟಿದವು. ಪುಟಕ್ಕೊಂದು ಚಿತ್ರ, ಜೊತೆಗೆ ನಾಲ್ಕು ಸಾಲು ಕಥೆ. ಬೀದಿ ಬದಿಯ ಗೂಡಂಗಡಿಯಲ್ಲಿ ಪುಡಿಗಾಸಿಗೆ ಬಾಡಿಗೆ ಪಡೆದು, ಅಲ್ಲೇ ಪುಟ್ಟ ಮಣೆಯ ಮೇಲೆ ಕೂತು ಓದಿ ಹಿಂದಿರುಗಿಸುವ ಪದ್ಧತಿ. ಕೂಲಿಗಳು, ಮಕ್ಕಳು, ಅಕ್ಷರ ಅಷ್ಟಾಗಿ ಬಾರದವರು ಇದರ ಓದುಗರು. ಪಂಡಿತರು ಮೂಗು ಮುರಿದಾಗ ಲು ಶುನ್ 1932ರಲ್ಲಿ ಇವುಗಳ ಪರವಾಗಿ ಒಂದು ಪ್ರಬಂಧವನ್ನೇ ಬರೆದರು. ಚರ್ಚಿನ ಗೋಡೆಯ ಮೇಲಿನ ಮಹಾನ್ ಚಿತ್ರಗಳೂ ಒಂದರ ಪಕ್ಕ ಒಂದಿಟ್ಟ ಕಥೆಯ ಚಿತ್ರಗಳೇ ತಾನೆ ಎಂಬುದು ಅವರ ವಾದದ ಒಂದು ಎಳೆ. ಆ ಕಾಲದ ಅಷ್ಟು ದೊಡ್ಡ ಲೇಖಕ ಗೂಡಂಗಡಿಯ ಪುಸ್ತಕಕ್ಕಾಗಿ ಲೇಖನಿ ಹಿಡಿದದ್ದು ನನಗೆ ಈಗಲೂ ಖುಷಿ ಕೊಡುತ್ತದೆ.

ಕೊರಿಯಾದ ಕಥೆಗೆ ಬಂದರೆ ನಾವು ಫೋನಿನ ಹತ್ತಿರಕ್ಕೆ ಬಂದೆವು. ಅಲ್ಲಿಯೂ ಯುದ್ಧದ ನಂತರ ‘ಮಾನ್ಹ್ವಾಬಾಂಗ್’ ಎಂಬ ಬಾಡಿಗೆ ಓದಿನ ಕೋಣೆಗಳು ಊರೂರಿನಲ್ಲಿ ಎದ್ದವು. 1997 ಅವರ ಪಾಲಿಗೆ ಕೆಟ್ಟ ವರ್ಷ. ಒಂದು ಕಡೆ ಯುವಜನ ಸಂರಕ್ಷಣಾ ಕಾಯಿದೆ ಚಿತ್ರಕಥೆಗಳ ಮೇಲೆ ಕಣ್ಣಿಟ್ಟಿತು, ಇನ್ನೊಂದು ಕಡೆ ದೇಶದ ಆರ್ಥಿಕತೆಯೇ ಕುಸಿಯಿತು. ಕೆಲಸ ಕಳೆದುಕೊಂಡ ಎಷ್ಟೋ ಜನ ಉಳಿತಾಯದ ದುಡ್ಡಿನಲ್ಲಿ ಪುಸ್ತಕ ಬಾಡಿಗೆ ಅಂಗಡಿ ತೆರೆದರು. ಓದುಗರಿಗೆ ಸುಲಭವಾಯಿತು, ಪುಸ್ತಕ ಕೊಳ್ಳುವವರು ಕಡಿಮೆಯಾದರು, ಪತ್ರಿಕೆಗಳು ಮುಚ್ಚಿದವು. ಬರೆಯಲು ಜಾಗವಿಲ್ಲದ ಹೊಸ ಹುಡುಗರು ತಮ್ಮ ಚಿತ್ರಗಳನ್ನು ಇಂಟರ್ನೆಟ್ಟಿಗೆ ಹಾಕತೊಡಗಿದರು. 2003ರಲ್ಲಿ ಕಾಂಗ್ ಫುಲ್ ಎಂಬವರ ಪ್ರೇಮಕಥೆಯೊಂದು ದೌಮ್ ತಾಣದಲ್ಲಿ ಧಾರಾವಾಹಿಯಾಗಿ ಬಂತು. ಅದರಲ್ಲಿ ಪುಟವೇ ಇರಲಿಲ್ಲ. ಮೇಲಿನಿಂದ ಕೆಳಕ್ಕೆ ಉದ್ದಕ್ಕೂ ಇಳಿಯುವ ಒಂದು ಪಟ್ಟಿ. ಎರಡು ಚಿತ್ರಗಳ ನಡುವೆ ಎಷ್ಟು ಖಾಲಿ ಬಿಡುತ್ತೀರೋ ಅಷ್ಟು ಹೊತ್ತು ಓದುಗ ಉಸಿರು ಹಿಡಿಯುತ್ತಾನೆ. ಮುಂದಿನ ವರ್ಷ ನೇವರ್ ಕೂಡ ಇದಕ್ಕೆ ಇಳಿಯಿತು. ಇದೇ ವೆಬ್‌ಟೂನ್. ಓದುಗರಿಗೆ ಉಚಿತ, ಕಲಾವಿದನಿಗೆ ತಾಣದವರು ಹಣ ಕೊಡುವರು, ಅವರಿಗೆ ಬೇಕಾದದ್ದು ಜನಜಂಗುಳಿ. 2014ರಲ್ಲಿ ಕಕಾವೊ ‘ಕಾದರೆ ಉಚಿತ’ ಎಂಬ ಪದ್ಧತಿ ತಂದಿತು. ಮುಂದಿನ ಕಂತನ್ನು ಈಗಲೇ ಓದಬೇಕೆಂದರೆ ಪುಡಿಗಾಸು ಕೊಡಿ, ತಾಳ್ಮೆಯಿದ್ದರೆ ಕಾಯಿರಿ. ಇದು ನನಗೆ ತೀರಾ ಪರಿಚಿತ. ನಮ್ಮೂರ ಲೈಬ್ರರಿಯಲ್ಲಿ ಹೊಸ ಇಂದ್ರಜಾಲಕ್ಕೆ ದಿನಕ್ಕೆ ಐವತ್ತು ಪೈಸೆ, ತಿಂಗಳು ಕಳೆದ ಮೇಲೆ ಇಪ್ಪತ್ತೈದು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಜಪಾನಿ ಬಾರದ ನನ್ನಂಥವನ ಕೈಗೆ ಮಾಂಗಾ ಹೇಗೆ ಬಂತು?

ಮೊದಲ ದಾರಿ ತೆರೆದವರು ಶಾಂತಿ ಚಳವಳಿಯವರು. ಹಿರೋಶಿಮಾದ ಮೇಲೆ ಬಾಂಬ್ ಬಿದ್ದಾಗ ಕೆಯಿಜಿ ನಕಾಜಾವಾಗೆ ಆರು ವರ್ಷ. ಅಪ್ಪ, ಅಕ್ಕ, ತಮ್ಮ ಅಂದೇ ಸತ್ತರು. 1973ರಲ್ಲಿ ಆತ ಅದನ್ನೇ ‘ಬರಿಗಾಲಿನ ಗೆನ್’ ಎಂಬ ಮಾಂಗಾ ಮಾಡಿ ಹುಡುಗರ ವಾರಪತ್ರಿಕೆಯೊಂದರಲ್ಲಿ ಬರೆದರು. 1976ರಲ್ಲಿ ಅಮೆರಿಕವನ್ನು ಅಡ್ಡಲಾಗಿ ದಾಟಿದ ಶಾಂತಿ ನಡಿಗೆಗೆ ಹೋಗಿದ್ದ ಜಪಾನಿ ಯುವಕರಿಗೆ ದಾರಿಯುದ್ದಕ್ಕೂ ಹಿರೋಶಿಮಾದ ಬಗ್ಗೆಯೇ ಪ್ರಶ್ನೆ. ಅವರು ಮರಳಿ ಬಂದ ಮೇಲೆ ಟೋಕಿಯೋದಲ್ಲಿ ಸ್ವಯಂಸೇವಕರ ತಂಡವೊಂದು ಕೂಡಿಕೊಂಡು ಈ ಕೃತಿಯನ್ನು ಇಂಗ್ಲಿಷಿಗೆ ತಂದಿತು. ಮೊದಲ ಸಂಪುಟ 1978ರಲ್ಲಿ ಬಂತು. ಸಂಬಳವಿಲ್ಲದ ಕೆಲಸ, ಆದರೆ ಲೇಖಕರ ಒಪ್ಪಿಗೆಯಿಂದ ಆದ ಕೆಲಸ. ಮುಂದೆ ಅದು ಎಷ್ಟೋ ಭಾಷೆಗಳಿಗೆ ಹೋಯಿತು, ಹಿಂದಿಗೂ ಬಂತು.

ಆದರೆ ಒಂದು ತೊಡಕಿತ್ತು. ಜಪಾನಿ ಪುಟ ಬಲದಿಂದ ಎಡಕ್ಕೆ ಸಾಗುತ್ತದೆ. ಇಂಗ್ಲಿಷ್ ಓದುಗರಿಗೆ ಅದು ಒಗ್ಗುವುದಿಲ್ಲವೆಂದು ಆ ಕಾಲದ ಪ್ರಕಾಶಕರು ಇಡೀ ಪುಟವನ್ನು ಕನ್ನಡಿಯಲ್ಲಿ ಹಿಡಿದಂತೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಬಲಗೈಯವರೆಲ್ಲ ಎಡಚರಾದರು. ಸಮುರಾಯ್‌ಗಳ ಕತ್ತಿ ಸೊಂಟದ ತಪ್ಪು ಮಗ್ಗುಲಿಗೆ ಹೋಯಿತು. ಇದಕ್ಕಿಂತ ಕೆಟ್ಟದ್ದು ಕಿಮೋನೊ. ಬದುಕಿರುವವರು ಅದನ್ನು ಎಡ ಸೆರಗು ಮೇಲೆ ಬರುವಂತೆ ಉಡುತ್ತಾರೆ, ಬಲ ಸೆರಗು ಮೇಲೆ ಹಾಕುವುದು ಹೆಣಕ್ಕೆ. ತಿರುಗಿಸಿದ ಪುಟಗಳಲ್ಲಿ ನಗುತ್ತ ಮಾತಾಡುವವರೆಲ್ಲ ಚಟ್ಟಕ್ಕೆ ಸಿಂಗರಿಸಿಕೊಂಡವರಂತೆ ಕಾಣುತ್ತಿದ್ದರು. ನೋಡಿದ ಜಪಾನಿಯರಿಗೆ ಎದೆ ಧಸಕ್ಕೆಂದಿರಬೇಕು. 2002ರ ಹೊತ್ತಿಗೆ ಅಮೆರಿಕದ ಪ್ರಕಾಶಕರು ತಿರುಗಿಸುವುದನ್ನು ದೊಡ್ಡ ಪ್ರಮಾಣದಲ್ಲಿ ಕೈಬಿಟ್ಟರು. ಅವರ ಕೆಲಸವೂ ಉಳಿಯಿತು, ಹುಡುಗರಿಗೆ ‘ಅಸಲಿ’ ಎಂಬ ಆಕರ್ಷಣೆಯೂ ಆಯಿತು.

ಬಲದಿಂದ ಎಡಕ್ಕೆ ಓದುವುದನ್ನು ಅದಕ್ಕೂ ಮೊದಲೇ ಕಲಿತಿದ್ದವರು ಇಂಟರ್ನೆಟ್ಟಿನ ಅಭಿಮಾನಿಗಳು. 1990ರ ದಶಕದ ಕೊನೆಯಲ್ಲಿ ಸ್ಕ್ಯಾನ್ ಮತ್ತು ಅನುವಾದ ಎರಡೂ ಸೇರಿದ ‘ಸ್ಕ್ಯಾನ್‌ಲೇಶನ್’ ಎಂಬ ಕಸುಬು ಹುಟ್ಟಿತು. ಜಪಾನಿನಲ್ಲಿರುವ ಒಬ್ಬ ಪತ್ರಿಕೆ ಕೊಂಡು ಸ್ಕ್ಯಾನ್ ಮಾಡುತ್ತಾನೆ. ಇನ್ನೊಬ್ಬ ಕಾಗದದ ಕಲೆ, ಹಿಂಬದಿಯ ಮಸಿ ಅಳಿಸುತ್ತಾನೆ. ಮತ್ತೊಬ್ಬಳು ಅನುವಾದಿಸುತ್ತಾಳೆ. ನಾಲ್ಕನೆಯವನು ಮಾತಿನ ಗುಳ್ಳೆಗಳಿಗೆ ಇಂಗ್ಲಿಷ್ ಕೂರಿಸುತ್ತಾನೆ. ಖಡ್ಗದ ‘ಝಣ್’ ಎಂಬ ಸದ್ದು ಚಿತ್ರದೊಳಗೇ ಬರೆದಿದ್ದರೆ ಅದನ್ನು ಅಳಿಸಿ, ಅಡಿಯಲ್ಲಿ ಮರೆಯಾದ ಗೆರೆಗಳನ್ನು ಕೈಯಾರೆ ಮತ್ತೆ ಎಳೆಯಬೇಕು. ಒಬ್ಬರಿಗೊಬ್ಬರು ಮುಖ ನೋಡಿರದವರು, ನಯಾಪೈಸೆ ಪಡೆಯದವರು. ಅಧಿಕೃತ ಅನುವಾದ ಬಂದರೆ ನಾವು ನಿಲ್ಲಿಸುತ್ತೇವೆ ಎಂಬ ನಿಯಮವನ್ನು ಹಲವು ತಂಡಗಳು ತಾವೇ ಹಾಕಿಕೊಂಡಿದ್ದವು. ಎಲ್ಲರೂ ಪಾಲಿಸಲಿಲ್ಲ ಎನ್ನುವುದೂ ನಿಜ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಶ್ರಮವನ್ನೂ ಕೇಳದೆ ಎತ್ತಿಕೊಂಡು ಜಾಹೀರಾತು ಅಂಟಿಸಿದ ತಾಣಗಳ ಬಗ್ಗೆ ಇಲ್ಲ. ನಾನು ಓದಿದ್ದು ಬಹುಪಾಲು ಆ ಎರಡನೆಯವರ ಅಂಗಡಿಯಲ್ಲಿ.

2005ರ ಸುಮಾರಿಗೆ ನಾನು ಕಾಲೇಜು ಮುಗಿಸಿ ಬೆಂಗಳೂರಿಗೆ ಬಂದಿದ್ದೆ. ರೂಮಿನ ಹತ್ತಿರದ ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ. ಒಂದು ಪುಟ ತೆರೆದುಕೊಳ್ಳಲು ಅರ್ಧ ನಿಮಿಷ, ಗಡಿಯಾರ ನೋಡುತ್ತಲೇ ‘ಬರ್ಸರ್ಕ್’ ಓದುತ್ತಿದ್ದೆ. ನಾನು ಹಣ ಕೊಟ್ಟೇ ಇಲ್ಲ ಎಂದು ಆಗ ಹೇಳಿದೆನಲ್ಲ, ಅದು ಪೂರ್ತಿ ಸರಿಯಲ್ಲ. ಕೆಫೆಯವನಿಗೆ ಕೊಟ್ಟಿದ್ದೆ. ಆಮೇಲೆ ಮೊಬೈಲ್ ಕಂಪನಿಗೆ ಕೊಟ್ಟೆ. ನನ್ನ ಕಣ್ಣನ್ನು ಮಾರಿ ಜಾಹೀರಾತಿನವರು ತಾಣದವನಿಗೆ ಕೊಟ್ಟರು. ಬಾಡಿಗೆ ಯಾವತ್ತೂ ನಿಂತಿರಲಿಲ್ಲ. ಎರಡನೇ ಕ್ಲಾಸಿನ ಹುಡುಗನಂತೆ, ಎದುರಿಗೆ ಕೂತವರ ಕೈಗೆ ಕಾಸು ಹಾಕುತ್ತಲೇ ಬಂದಿದ್ದೆ.

2010ರಲ್ಲಿ ಜಪಾನಿನ 36 ಪ್ರಕಾಶಕರು ಅಮೆರಿಕದವರ ಜೊತೆ ಕೂಡಿ ಇಂಥ ತಾಣಗಳ ವಿರುದ್ಧ ನಿಂತರು. ಅತಿ ಹೆಚ್ಚು ಜನ ಬರುತ್ತಿದ್ದ ಒಂದೆರಡು ತಾಣಗಳು ಆಗ ಮುಚ್ಚಿದವು. ಒಂದು ಮುಚ್ಚಿದರೆ ಇನ್ನೊಂದು. ಜಪಾನಿನೊಳಗೇ, ಜಪಾನಿಯಲ್ಲೇ ಕದ್ದು ಕೊಡುವ ‘ಮಾಂಗಾಮುರಾ’ ಎಂಬ ತಾಣ ಬಂತು. ಹೆಸರಿನರ್ಥ ಮಾಂಗಾ ಹಳ್ಳಿ. ಅದನ್ನು ತಡೆಯಿರಿ ಎಂದು 2018ರ ಏಪ್ರಿಲಿನಲ್ಲಿ ಸರ್ಕಾರವೇ ಇಂಟರ್ನೆಟ್ ಕಂಪನಿಗಳಿಗೆ ಹೇಳಬೇಕಾಯಿತು. ಮುಂದೆ ಅದನ್ನು ನಡೆಸುತ್ತಿದ್ದವನಿಗೆ 2021ರಲ್ಲಿ ಮೂರು ವರ್ಷ ಜೈಲು. ಈ ಜಗಳಗಳಿಂದ ಪ್ರಕಾಶಕರು ಕಲಿತ ಪಾಠ ಒಂದಿದೆ. 2019ರ ಜನವರಿಯಲ್ಲಿ ದೊಡ್ಡ ಪ್ರಕಾಶನವೊಂದು ‘ಮಾಂಗಾ ಪ್ಲಸ್’ ಶುರುಮಾಡಿತು. ಜಪಾನಿನಲ್ಲಿ ಬಂದ ದಿನವೇ ಇಂಗ್ಲಿಷಿನಲ್ಲಿ, ಮೊದಲ ಮೂರು ಮತ್ತು ಇತ್ತೀಚಿನ ಮೂರು ಕಂತುಗಳು ಉಚಿತ. ಈಗ ಸ್ಪ್ಯಾನಿಷ್, ಥಾಯ್, ಇಂಡೋನೇಷ್ಯನ್, ವಿಯೆಟ್ನಾಮೀಸ್ ಭಾಷೆಗಳಲ್ಲೂ ಸಿಗುತ್ತದೆ. ಕನ್ನಡದಲ್ಲಿ ಇಲ್ಲ. ಅಭಿಮಾನಿಗಳು ಇಪ್ಪತ್ತು ವರ್ಷ ಬಿಟ್ಟಿ ಮಾಡಿದ ಕೆಲಸವೇ ಇದು, ಈಗ ಅಂಗಡಿಯ ಬೋರ್ಡು ಬದಲಾಗಿದೆ, ಬರೆದವರಿಗೂ ಪಾಲಿದೆ.

ಇಲ್ಲೊಂದು ಅಡ್ಡಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮಾಂಗಾ ನಮ್ಮ ದೇಶಕ್ಕೆ ಕಂಪ್ಯೂಟರಿನ ಮೂಲಕ ಮಾತ್ರ ಬರಲಿಲ್ಲ, ಒಬ್ಬ ಮನುಷ್ಯ ಹೊತ್ತುಕೊಂಡೂ ಬಂದಿದ್ದ. ಯುಕಿಚಿ ಯಮಾಮತ್ಸು ಎಂಬ ಮಾಂಗಾ ಕಲಾವಿದ, ವಯಸ್ಸು ಐವತ್ತು ದಾಟಿತ್ತು, ಕೈಯಲ್ಲಿ ಕೆಲಸವಿರಲಿಲ್ಲ. ಭಾರತದಲ್ಲಿ ಮಾಂಗಾ ಇಲ್ಲ ಎಂದು ಯಾರೋ ಹೇಳಿದ್ದನ್ನು ಕೇಳಿ, ಅಲ್ಲಿ ಮಾರಿದರೆ ದುಡ್ಡಾಗುತ್ತದೆಂದು 2004ರಲ್ಲಿ ದೆಹಲಿಗೆ ಬಂದಿಳಿದ. ಹಿಂದಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೇ. ಹಿರೋಶಿ ಹಿರಾತಾ ಅವರ ಸಮುರಾಯ್ ಕಥೆಯೊಂದನ್ನು ಹಿಂದಿಗೆ ಮಾಡಿಸಿ, ಅಚ್ಚು ಹಾಕಿಸಿ, ಬೀದಿಯಲ್ಲಿ ನಿಂತು ಮಾರಲು ಹೊರಟ. ಅನುವಾದಕರ ಜೊತೆ, ಮುದ್ರಕರ ಜೊತೆ, ತನ್ನ ಹೊಟ್ಟೆಯ ಜೊತೆ ಅವನು ನಡೆಸಿದ ಹೋರಾಟವನ್ನೆಲ್ಲ ಅವನೇ ಮಾಂಗಾ ಮಾಡಿದ. ಅದರ ಇಂಗ್ಲಿಷ್ ಅನುವಾದವನ್ನು 2011ರಲ್ಲಿ ಚೆನ್ನೈನ ಬ್ಲಾಫ್ಟ್ ಪ್ರಕಾಶನ ತಂದಿತು. ಓದಿ ಬಿದ್ದು ಬಿದ್ದು ನಕ್ಕಿದ್ದೇನೆ. ಆದರೆ ಅವನು ಪುಸ್ತಕ ಹಿಡಿದು ಫುಟ್‌ಪಾತಿನಲ್ಲಿ ನಿಂತು ಜನರನ್ನು ಕೂಗುವ ಪುಟ ಬಂದಾಗ ನಗು ನಿಂತುಹೋಗುತ್ತದೆ. ದುಡ್ಡು ಅಂಗಡಿಯವನ ಕೈಗಲ್ಲದೆ ಬರೆಯುವವನ ಕೈಗೇ ನೇರ ಬೀಳಲಿ ಎಂದು ಇಷ್ಟು ದೂರ ಬಂದವನನ್ನು ನಾನು ಬೇರೆ ಕಂಡಿಲ್ಲ.

ಮಿಯುರಾ ತೀರಿಕೊಂಡ ಮೇಲೆ, ಅವರು ಮುಗಿಸಿದ್ದ ಕೊನೆಯ ಅಧ್ಯಾಯ 2021ರ ಸೆಪ್ಟೆಂಬರಿನಲ್ಲಿ ಬಂತು. ಕಥೆ ಅಲ್ಲಿಗೇ ನಿಂತಿತು ಎಂದುಕೊಂಡಿದ್ದೆವು. ಮರುವರ್ಷ ಜೂನಿನಲ್ಲಿ ಅವರ ಹೈಸ್ಕೂಲಿನ ಗೆಳೆಯ, ತಾನೂ ಮಾಂಗಾ ಬರೆಯುವ ಕೋಜಿ ಮೋರಿ ಒಂದು ಪತ್ರ ಬರೆದರು. ಸುಮಾರು ಮೂವತ್ತು ವರ್ಷದ ಹಿಂದೆ ಮಿಯುರಾ ತನ್ನನ್ನು ಕರೆಸಿಕೊಂಡು ಕಥೆಯನ್ನು ಕೊನೆಯವರೆಗೂ ಹೇಳಿದ್ದ, ಅವನು ಹೇಳಿದ್ದನ್ನು ಮಾತ್ರ ಬರೆಸುತ್ತೇನೆ, ನನ್ನದನ್ನೇನೂ ಸೇರಿಸುವುದಿಲ್ಲ ಎಂಬುದು ಅದರ ಸಾರ. ಮಿಯುರಾ ಜೊತೆ ಹಿನ್ನೆಲೆ, ನೆರಳು ಬರೆಯುತ್ತಿದ್ದ ಶಿಷ್ಯರು ಈಗ ಚಿತ್ರ ಬರೆಯುತ್ತಿದ್ದಾರೆ. ಇಷ್ಟು ವರ್ಷ ಆ ಸ್ಟುಡಿಯೋದಲ್ಲಿ ಬೇರೆ ಜನರೂ ಇದ್ದರು, ಅವರಿಗೂ ತಿಂಗಳ ಸಂಬಳ ಬೇಕಿತ್ತು ಎಂಬುದು ನನ್ನ ತಲೆಗೆ ಹೋದದ್ದು ಆ ಪತ್ರ ಓದಿದಾಗ.

ಆ ವಾರ ಚರ್ಚ್ ಸ್ಟ್ರೀಟಿಗೆ ಹೋಗಿ ಮೊದಲ ಸಂಪುಟ ಕೊಂಡೆ. ಈಗ ಒಂಬತ್ತು ಸಂಪುಟಗಳಾಗಿವೆ. ಎರಡು ತಿಂಗಳಿಗೊಂದು. ಈ ವೇಗದಲ್ಲಿ ಎಲ್ಲವೂ ಮನೆಗೆ ಬರುವಷ್ಟರಲ್ಲಿ ನನಗೆ ಮಿಯುರಾಗಿಂತ ಹೆಚ್ಚು ವಯಸ್ಸಾಗಿರುತ್ತದೆ.

ಹೋದ ತಿಂಗಳು ಅಣ್ಣನ ಮಗ ಮನೆಗೆ ಬಂದಿದ್ದ. ಡಿಗ್ರಿ ಎರಡನೇ ವರ್ಷ, ಬಸ್ಸಿನಲ್ಲಿ ವೆಬ್‌ಟೂನ್ ಓದುತ್ತ ಸ್ಟಾಪ್ ತಪ್ಪಿಸಿಕೊಳ್ಳುವ ಹುಡುಗ. ಕಪಾಟಿನಿಂದ ಒಂದು ಸಂಪುಟ ಎಳೆದು ನಮ್ಮ ರೂಢಿಯಂತೆ ಎಡಗಡೆಯಿಂದ ತೆರೆದ. ಅಲ್ಲಿದ್ದದ್ದು ಕಥೆಯ ಕೊನೆ. ಪುಟ ತಿರುವಿ ನೋಡಿ, ನಕ್ಕು, ಪುಸ್ತಕವನ್ನು ತಿರುಗಿಸಿ ಹಿಡಿದುಕೊಂಡು ಬಲಗಡೆಯಿಂದ ಶುರುಮಾಡಿದ. ಸ್ವಲ್ಪ ಹೊತ್ತಾದ ಮೇಲೆ ಹಿಂಬದಿಯ ಬೆಲೆ ನೋಡಿದ.

“ಚಿಕ್ಕಪ್ಪ, ಇದು ಪೂರ್ತಿ ಆನ್‌ಲೈನಲ್ಲಿ ಇದೆ, ಗೊತ್ತಾ?”

“ಗೊತ್ತಪ್ಪ,” ಎಂದೆ. “ಅಲ್ಲೇ ಓದಿದ್ದು.”

ಅವನು ಮತ್ತೇನೂ ಕೇಳಲಿಲ್ಲ. ಊಟಕ್ಕೆ ಕರೆದಾಗಲೂ ಎದ್ದು ಬರಲಿಲ್ಲ. ಹೊರಡುವಾಗ ಎರಡನೇ ಸಂಪುಟ ಬ್ಯಾಗಿಗೆ ಹಾಕಿಕೊಳ್ಳುತ್ತ, ಯಾವಾಗ ವಾಪಸ್ ಕೊಡಬೇಕು ಎಂದ.